ಗೋಡೆಯೊಳಗಿನ ಜಾಲ: ಮನೆಗೂ ಸಣ್ಣ ಕಚೇರಿಗೂ ಒಂದು ಲ್ಯಾನ್

100 ಎಂಬಿಪಿಎಸ್‌ನ ಪ್ಲಾನ್ ನಿಧಾನ ಅನ್ನಿಸಿ 300ಕ್ಕೆ ಏರಿಸಿದ ಮೇಲೂ ಮಹಡಿಯ ಕೋಣೆಯಲ್ಲಿ ವಿಡಿಯೊ ಕಾಲ್ ತಡವರಿಸುವುದು ನಿಲ್ಲಲಿಲ್ಲ ಎಂಬ ದೂರು ಈಗ ಮನೆಮನೆಯದು. ಇಂಥ ಕಡೆ ಹೊಸ್ತಿಲವರೆಗೆ ಬಂದ ಫೈಬರ್ ಸರಿಯಾಗಿಯೇ ಇರುತ್ತದೆ. ಹೊಸ್ತಿಲು ದಾಟಿದ ಮೇಲೆ ಅದನ್ನು ಕೋಣೆಕೋಣೆಗೆ ಹಂಚುವ ಏರ್ಪಾಡನ್ನು ಯಾರೂ ಯೋಚಿಸಿ ಮಾಡಿರುವುದಿಲ್ಲ. ಹಣ ಕಟ್ಟುವುದು ಹೊರಗಿನ ದಾರಿಗೆ, ಗುಂಡಿ ಇರುವುದು ಒಳಗೆ.

ಒಂದು ಮನೆ, ಒಂದು ಕಚೇರಿ ಅಥವಾ ಒಂದು ಅಂಗಡಿಯೊಳಗಿನ ಕಂಪ್ಯೂಟರ್, ಫೋನ್, ಟಿವಿ, ಪ್ರಿಂಟರ್, ಕ್ಯಾಮೆರಾಗಳನ್ನು ಪರಸ್ಪರ ಜೋಡಿಸುವ ಜಾಲಕ್ಕೆ ಲೋಕಲ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ಲ್ಯಾನ್ ಎನ್ನುತ್ತಾರೆ. ಇಂಟರ್ನೆಟ್ ಇಲ್ಲದಿದ್ದರೂ ಲ್ಯಾನ್ ನಡೆಯುತ್ತದೆ. ಹೊರಗಿನ ಫೈಬರ್ ತುಂಡಾದ ದಿನವೂ ಒಳಗಿನ ಪ್ರಿಂಟರ್ ಮುದ್ರಿಸಬೇಕು, ಕ್ಯಾಮೆರಾ ರೆಕಾರ್ಡ್ ಮಾಡಬೇಕು, ಲೆಕ್ಕದ ಕಂಪ್ಯೂಟರ್ ಪಕ್ಕದ ಮೇಜಿಗೆ ಸಿಗಬೇಕು. ಹಾಗೆ ಆಗುತ್ತಿಲ್ಲವಾದರೆ ಜೋಡಣೆಯಲ್ಲೇ ಕೊರತೆಯಿದೆ.

ಶುರುವಾದದ್ದು ಪ್ರಿಂಟರಿನಿಂದ

ಇಂದು ಲೋಕವೆಲ್ಲ ಬಳಸುವ ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಆಲ್ಟೊ ಕಂಪ್ಯೂಟರುಗಳೆಲ್ಲ ಹೊಸದಾಗಿ ತಯಾರಾಗಿದ್ದ ಲೇಸರ್ ಪ್ರಿಂಟರನ್ನು ಹಂಚಿಕೊಳ್ಳಬೇಕಿತ್ತು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಒಂದೇ ಕೇಬಲ್ಲಿನ ಮೇಲೆ ಎಲ್ಲರೂ ಅದು ಖಾಲಿ ಇದೆಯೇ ಎಂದು ಆಲಿಸಿ ಮಾತಾಡುವ ವಿಧಾನ ರೂಪಿಸಿದರು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಹವಾಯಿ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್‌ಗಳನ್ನು ಜೋಡಿಸಿದ್ದ ಅಲೋಹಾನೆಟ್ ಅವರಿಗೆ ಪ್ರೇರಣೆ. 1983ರಲ್ಲಿ ಈಥರ್ನೆಟ್‌ಗೆ 802.3 ಎಂಬ ಸಂಖ್ಯೆಯ ಮಾನಕ ಸಿಕ್ಕಿತು, 1990ರಲ್ಲಿ ಇಂದಿನ ಹೆಣೆದ ಜೋಡಿ ತಂತಿಯ ರೂಪ ಬಂತು. ಅರ್ಧ ಶತಮಾನ ಕಳೆದರೂ ನಮ್ಮ ಊರಿನ ಆಡಿಟರ್ ಕಚೇರಿಯಲ್ಲಿ ‘ನೆಟ್‌ವರ್ಕ್ ಮಾಡಿಕೊಡಿ’ ಎಂದರೆ ಮೊದಲ ಅರ್ಥ ಇನ್ನೂ ಅದೇ: ಇರುವ ಒಂದು ಪ್ರಿಂಟರ್ ಎಲ್ಲರಿಗೂ ಸಿಗಬೇಕು.

ಒಂದೇ ಡಬ್ಬಿ, ನಾಲ್ಕು ಕೆಲಸ

ಫೈಬರ್ ಕಂಪನಿಯವರು ಗೋಡೆಗೆ ಹಾಕಿಹೋಗುವ ಬಿಳಿ ಡಬ್ಬಿಯನ್ನು ಕೆಲವರು ಮೋಡೆಮ್ ಎನ್ನುತ್ತಾರೆ, ಕೆಲವರು ರೂಟರ್ ಎನ್ನುತ್ತಾರೆ, ಉಳಿದವರಿಗೆ ಅದು ಬರಿಯ ವೈಫೈ. ನಿಜದಲ್ಲಿ ಅದರೊಳಗೆ ನಾಲ್ಕು ಬೇರೆಬೇರೆ ಯಂತ್ರಗಳಿವೆ. ಫೈಬರಿನ ಬೆಳಕನ್ನು ವಿದ್ಯುತ್ ಸಂಕೇತ ಮಾಡುವುದು ಓಎನ್‌ಟಿ. ಮನೆಯ ಜಾಲಕ್ಕೂ ಹೊರಗಿನ ಇಂಟರ್ನೆಟ್‌ಗೂ ನಡುವೆ ನಿಂತು ವಿಳಾಸ ಹಂಚುವುದು, ಹೋಗುವ ಬರುವ ಮಾಹಿತಿಗೆ ದಾರಿ ತೋರುವುದು ರೂಟರ್. ತಂತಿಯಲ್ಲಿ ಬಂದ ಸಾಧನಗಳನ್ನು ಜೋಡಿಸುವುದು ಸ್ವಿಚ್. ಹಿಂಬದಿಯ ನಾಲ್ಕು ಪೋರ್ಟ್‌ಗಳು ಅದರದು. ತಂತಿಯಿಲ್ಲದವನ್ನು ಜೋಡಿಸುವುದು ಆಕ್ಸೆಸ್ ಪಾಯಿಂಟ್.

ಈ ನಾಲ್ಕನ್ನು ಮನಸ್ಸಿನಲ್ಲಿ ಬಿಡಿಸಿಟ್ಟುಕೊಂಡರೆ ಖರ್ಚು ಎಷ್ಟೋ ಉಳಿಯುತ್ತದೆ. ಪೋರ್ಟ್ ಸಾಲದವನಿಗೆ ಬೇಕಾದದ್ದು ಸ್ವಿಚ್. ಮಹಡಿಗೆ ಸಿಗ್ನಲ್ ತಲುಪದವನಿಗೆ ಬೇಕಾದದ್ದು ಆಕ್ಸೆಸ್ ಪಾಯಿಂಟ್. ಇಬ್ಬರೂ ಅಂಗಡಿಗೆ ಹೋಗಿ ತರುವುದು ಮಾತ್ರ ಇನ್ನೊಂದು ರೂಟರ್. ಅದರ ಫಲವನ್ನು ಮುಂದೆ ನೋಡೋಣ.

ಕೊಳ್ಳುವಾಗ ಒಂದನ್ನು ಕೇಳಲೇಬೇಕು: ಪೋರ್ಟ್‌ಗಳು ಗಿಗಾಬಿಟ್ ಹೌದೋ ಅಲ್ಲವೋ? ಅಗ್ಗದ ರೂಟರುಗಳ ಪೆಟ್ಟಿಗೆಯ ಮೇಲೆ 1200 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ವೈಫೈನ ಎರಡು ಬ್ಯಾಂಡುಗಳ ವೇಗವನ್ನು ಕಾಗದದ ಮೇಲೆ ಕೂಡಿಸಿ ಬಂದ ಅಂಕಿ. ಹಿಂದಿನ ಪೋರ್ಟ್ 100 ಎಂಬಿಪಿಎಸ್‌ನದೇ ಆಗಿದ್ದರೆ ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಅದಕ್ಕಿಂತ ಹೆಚ್ಚು ಒಳಗೆ ಬರುವುದಿಲ್ಲ. ಇನ್ನೊಂದು ಗೊಂದಲ ಬಿಟ್‌ಗೂ ಬೈಟ್‌ಗೂ ನಡುವಿನದು. ಎಂಟು ಬಿಟ್ ಸೇರಿ ಒಂದು ಬೈಟ್ ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಫೈಲ್ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್.

ಕದಲದವಕ್ಕೆ ತಂತಿ

ಇದ್ದ ಜಾಗದಲ್ಲೇ ಇರುವ ಸಾಧನಕ್ಕೆ ತಂತಿ, ಕೈಯಲ್ಲಿ ಹಿಡಿದು ಓಡಾಡುವುದಕ್ಕೆ ವೈಫೈ: ಒಳ್ಳೆಯ ಜಾಲಕ್ಕೆ ಈ ಒಂದು ನಿಯಮ ಮುಕ್ಕಾಲು ಪಾಲು ಸಾಕು. ಟಿವಿ, ಡೆಸ್ಕ್‌ಟಾಪ್, ಪ್ರಿಂಟರ್, ಕ್ಯಾಮೆರಾಗಳ ರೆಕಾರ್ಡರ್ ಎಲ್ಲಿಗೂ ಎದ್ದು ಹೋಗುವುದಿಲ್ಲ. ಅವನ್ನು ತಂತಿಗೆ ಕಟ್ಟಿದರೆ ಅವುಗಳ ಕೆಲಸ ನೆಟ್ಟಗಾಗುವುದಷ್ಟೇ ಅಲ್ಲ, ಗಾಳಿಯಲ್ಲಿ ಫೋನ್‌ಗಳಿಗೂ ಲ್ಯಾಪ್‌ಟಾಪ್‌ಗಳಿಗೂ ಜಾಗ ಬಿಡುವಾಗುತ್ತದೆ.

ತಾಮ್ರದ ಈಥರ್ನೆಟ್ ಕೇಬಲ್ ಒಂದೇ ಓಟದಲ್ಲಿ 100 ಮೀಟರ್ ಮೀರಬಾರದು. ಮನೆಯೊಳಗೆ ಈ ಮಿತಿ ಯಾರನ್ನೂ ಮುಟ್ಟುವುದಿಲ್ಲ. ಕ್ಯಾಟ್-5ಇ ದರ್ಜೆಯ ಕೇಬಲ್ ಇಷ್ಟು ದೂರಕ್ಕೆ ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್-6 ಅದನ್ನೂ ಮಾಡಿ, ಸುಮಾರು 55 ಮೀಟರಿನವರೆಗೆ 10 ಗಿಗಾಬಿಟ್ ಕೂಡ ಒಯ್ಯಬಲ್ಲದು. ಹೊಸದಾಗಿ ಎಳೆಸುವವರು ಕ್ಯಾಟ್-6 ಹಾಕಿಸುವುದೇ ಸರಿ; ಗೋಡೆ ಮತ್ತೆ ಕೊರೆಯುವ ಖರ್ಚಿನ ಮುಂದೆ ಕೇಬಲ್ಲಿನ ಬೆಲೆಯ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ.

ಆದರೆ ಮಾರುಕಟ್ಟೆಯಲ್ಲಿ ಕ್ಯಾಟ್-6 ಎಂದು ಅಚ್ಚೊತ್ತಿಕೊಂಡು ಬರುವುದೆಲ್ಲ ಕ್ಯಾಟ್-6 ಆಗಿರುವುದಿಲ್ಲ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟ ಕೇಬಲ್‌ಗಳಿವೆ, ಕೆಲಸದವರು ಸಿಸಿಎ ಎನ್ನುವುದು ಇದನ್ನೇ. ಮಾನಕ ಕೇಳುವುದು ಪೂರ್ತಿ ತಾಮ್ರವನ್ನು. ಪತ್ತೆ ಮಾಡಲು ಉಪಕರಣವೇನೂ ಬೇಡ: ಒಂದಿಂಚು ಸುಲಿದು ತಂತಿಯ ಮೈಯನ್ನು ಬ್ಲೇಡಿನಿಂದ ಕೆರೆಯಿರಿ, ಕೆಂಪು ಹೋಗಿ ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಪ್ರತಿರೋಧ ಹೆಚ್ಚು. ಕೇಬಲ್ಲಿನ ಮೂಲಕವೇ ಕ್ಯಾಮೆರಾಗಳಿಗೆ ಕರೆಂಟು ಕೊಡುವ ಪಿಓಇ ಪದ್ಧತಿಯಲ್ಲಿ ಬಿಸಿಯೂ ಆಗುತ್ತದೆ. 305 ಮೀಟರಿನ ಪೆಟ್ಟಿಗೆ ತೀರಾ ಹಗುರವಾಗಿದ್ದರೆ ಎತ್ತಿದ ಕೈಗೇ ಅನುಮಾನ ಬರಬೇಕು.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಮುನ್ನ, ಎಲೆಕ್ಟ್ರಿಷಿಯನ್ ಪೈಪ್ ಕಟ್ಟುವ ದಿನ, ಡೇಟಾ ಕೇಬಲ್‌ಗೆ ಬೇರೆಯೇ ಪೈಪ್ ಹಾಕಿಸಿ. ಕರೆಂಟಿನ ಪೈಪಿನಲ್ಲೇ ತೂರಿಸಿದರೆ ಅಪಾಯವೂ ಹೌದು, ಸಂಕೇತಕ್ಕೆ ಅಡ್ಡಿಯೂ ಹೌದು. ಎಲ್ಲ ಪೈಪುಗಳೂ ಒಂದೇ ಕಡೆ ಬಂದು ಸೇರಲಿ, ಆ ಜಾಗದಲ್ಲಿ ಪ್ಲಗ್ ಪಾಯಿಂಟ್ ಇರಲಿ. ಪ್ರತಿ ಮಹಡಿಯ ಚಾವಣಿಯ ನಡುಮಧ್ಯಕ್ಕೊಂದು ಪಾಯಿಂಟ್ ಬಿಟ್ಟರೆ ಮುಂದೆ ಆಕ್ಸೆಸ್ ಪಾಯಿಂಟ್ ಕೂರಿಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಕೇಬಲ್ ಆಮೇಲೆ ಎಳೆದರಾಯಿತು ಎನ್ನುವವರು ಪೈಪಿನೊಳಗೆ ಒಂದು ನೈಲಾನ್ ದಾರವನ್ನಾದರೂ ಬಿಟ್ಟಿರಲಿ.

ಎಂಟು ಬಣ್ಣ, ಒಂದು ಕ್ಲಿಪ್

ಕೇಬಲ್ಲಿನೊಳಗೆ ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. ಹೆಣಿಗೆ ಅಂದಕ್ಕಲ್ಲ: ಹೊರಗಿನ ವಿದ್ಯುತ್ ಗದ್ದಲ ಜೋಡಿಯ ಎರಡೂ ತಂತಿಗಳ ಮೇಲೆ ಸಮವಾಗಿ ಬಿದ್ದು, ಪಡೆಯುವ ತುದಿಯಲ್ಲಿ ಒಂದಕ್ಕೊಂದು ವಜಾ ಆಗಲೆಂದು. ಆದ್ದರಿಂದ ತುದಿ ಕಟ್ಟುವಾಗ ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು.

ಆರ್‌ಜೆ-45 ಕ್ಲಿಪ್ಪಿನ ನಾಲಗೆ ಕೆಳಗಿದ್ದು, ಹೊಳೆಯುವ ಪಿನ್ನುಗಳು ಮೇಲೆ ಕಾಣುವಂತೆ, ಕೇಬಲ್ ನಮ್ಮ ಕಡೆ ಬರುವಂತೆ ಹಿಡಿದರೆ ಎಡದಿಂದ ಬಣ್ಣಗಳು ಹೀಗೆ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು 568ಬಿ ಕ್ರಮ. ತಂತಿಗಳನ್ನು ಬೆರಳಿನಿಂದ ನೀವಿ ಒಂದೇ ಸಮ ಕತ್ತರಿಸಿ, ಕ್ಲಿಪ್ಪಿನ ತುದಿ ಮುಟ್ಟುವವರೆಗೆ ತಳ್ಳಿ, ಹೊರಗಿನ ಕವಚವೂ ಕ್ಲಿಪ್ಪಿನೊಳಗೆ ಬಂದಿದೆಯೇ ನೋಡಿ, ಆಮೇಲೆ ಕ್ರಿಂಪಿಂಗ್ ಟೂಲ್ ಒತ್ತಬೇಕು. ಕವಚ ಹೊರಗೇ ಉಳಿದ ಕ್ಲಿಪ್ ಆರು ತಿಂಗಳಲ್ಲಿ ಸಡಿಲವಾಗುತ್ತದೆ.

ಹಸಿರು ಜೋಡಿ ಬೇರ್ಪಟ್ಟು ಮೂರನೆಯ ಮತ್ತು ಆರನೆಯ ಪಿನ್ನಿಗೆ ಹೋಗುವುದೇ ಇಲ್ಲಿನ ಸೂಕ್ಷ್ಮ. ಕ್ರಮ ನೆನಪಿಲ್ಲದೆ ಎರಡೂ ತುದಿಗೆ ಒಂದೇ ಥರ ಸಾಲಾಗಿ ಬಣ್ಣ ಜೋಡಿಸಿದರೆ ಟೆಸ್ಟರಿನಲ್ಲಿ ಎಂಟೂ ದೀಪ ಉರಿಯುತ್ತವೆ, ಕೇಬಲ್ ಮಾತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ, ಏಕೆಂದರೆ ಒಂದು ಸಂಕೇತ ಎರಡು ಬೇರೆ ಜೋಡಿಗಳಿಗೆ ಹಂಚಿಹೋಗಿ ಹೆಣಿಗೆಯ ಪ್ರಯೋಜನವೇ ತಪ್ಪಿರುತ್ತದೆ.

ಇನ್ನೊಂದು ಲಕ್ಷಣ ನೆನಪಿಟ್ಟರೆ ಬಹಳ ಸಮಯ ಉಳಿಯುತ್ತದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಎಂಬಿಪಿಎಸ್‌ಗೆ ಎರಡು ಸಾಕು. ನೀಲಿಯದೋ ಕಂದಿನದೋ ಒಂದು ತಂತಿ ಕೈಕೊಟ್ಟರೆ ಸಂಪರ್ಕ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ದೊಡ್ಡ ಪ್ಲಾನ್ ಇದ್ದೂ ಸ್ಪೀಡ್ ಟೆಸ್ಟ್ ಪ್ರತಿಸಲ 94ರ ಆಸುಪಾಸಿನಲ್ಲೇ ನಿಂತರೆ ಕಂಪನಿಗೆ ಫೋನ್ ಮಾಡುವ ಮುನ್ನ ಕ್ಲಿಪ್ ನೋಡಿ.

ಗಾಳಿಯ ಮಿತಿ

ವೈಫೈನ ಮೊದಲ ಮಾನಕ ಬಂದದ್ದು 1997ರಲ್ಲಿ, 2 ಎಂಬಿಪಿಎಸ್ ವೇಗದಲ್ಲಿ. ಈಗ ಅಂಗಡಿಯಲ್ಲಿ ಸಿಗುವುದು ವೈಫೈ 5, 6 ಮತ್ತು 7. ಅಂಕಿ ಏರಿದರೂ ಭೌತಶಾಸ್ತ್ರ ಬದಲಾಗಿಲ್ಲ: 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ ಆದರೆ ನಿಧಾನ, 5 ಗಿಗಾಹರ್ಟ್ಸ್ ವೇಗ ಆದರೆ ಗೋಡೆಗೆ ಸೋಲುತ್ತದೆ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಉತ್ತರ ಕರ್ನಾಟಕದ ಹಳೇ ಮನೆಗಳ ಕಲ್ಲು-ಮಣ್ಣಿನ ಗೋಡೆ, ಕಬ್ಬಿಣ ಹೆಣೆದ ಆರ್‌ಸಿಸಿ ಸ್ಲ್ಯಾಬ್ ಇವೆಲ್ಲ ಸಿಗ್ನಲ್ಲನ್ನು ನುಂಗುವಂಥವು. ರೂಟರ್ ಹಾಲ್‌ನ ಟಿವಿ ಕಪಾಟಿನೊಳಗೆ, ಸ್ಟೀಲ್ ಬೀರುವಿನ ಬೆನ್ನಿಗೆ ಇದ್ದರಂತೂ ಕೇಳುವುದೇ ಬೇಡ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಷ್ಟ ಬೇರೆ. ಅಲ್ಲಿ ಸಿಗ್ನಲ್ ಸಾಲದೆಂಬ ಸಮಸ್ಯೆಯಿಲ್ಲ, ಅಕ್ಕಪಕ್ಕ ಮೇಲೆಕೆಳಗಿನವರದೆಲ್ಲ ಸೇರಿ ಸಂತೆಯಾಗಿರುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇವುಗಳಲ್ಲಿ ಖಾಲಿ ಇರುವುದನ್ನು ಆರಿಸಿಕೊಂಡು, ಆದಷ್ಟು ಸಾಧನಗಳನ್ನು 5ಕ್ಕೆ ಏರಿಸುವುದು ದಾರಿ.

ಸಿಗ್ನಲ್ ಸಿಗದ ಕೋಣೆಗೆಂದು ಪ್ಲಗ್ಗಿಗೆ ಸಿಗಿಸುವ ರಿಪೀಟರ್ ತರುತ್ತಾರೆ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮರುನುಡಿಯುವ ಈ ಸಾಧನ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ. ಫೋನಿನಲ್ಲಿ ಕಡ್ಡಿಗಳು ಪೂರ್ತಿ ಕಾಣುತ್ತವೆ, ಕೆಲಸ ಸಾಗುವುದಿಲ್ಲ. ಹಲವು ಡಬ್ಬಿಗಳು ಸೇರಿ ಒಂದೇ ವೈಫೈ ಆಗುವ ಮೆಶ್ ಸಾಧನಗಳು ಇದಕ್ಕಿಂತ ಜಾಣ, ಆದರೂ ಅವುಗಳ ನಡುವೆ ಒಂದು ಕೇಬಲ್ ಓಡಿಸಿದಾಗಲೇ ಅವು ಪೂರ್ತಿ ಅರಳುವುದು.

ಎರಡನೆಯ ರೂಟರಿನ ಗೋಳು

ಜಾಲದ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ ಲಭ್ಯವಿರುವುದು ಒಟ್ಟು ಸುಮಾರು 430 ಕೋಟಿ ವಿಳಾಸ. ಲೋಕದ ಜನಸಂಖ್ಯೆಗೇ ಅದು ಸಾಲದು. ಅದಕ್ಕೆಂದೇ 1996ರ ಮಾನಕವೊಂದು ಮೂರು ವಿಳಾಸ ಗುಂಪುಗಳನ್ನು ಖಾಸಗಿ ಜಾಲಗಳಿಗೆ ಮೀಸಲಿಟ್ಟಿತು. 192.168 ಎಂದು ಶುರುವಾಗುವ ವಿಳಾಸ ಅವುಗಳಲ್ಲಿ ಒಂದು, ಆದ್ದರಿಂದಲೇ ನಿಮ್ಮ ಮನೆಯ ಪ್ರಿಂಟರಿಗೂ ಪಕ್ಕದ ಮನೆಯ ಟಿವಿಗೂ ಒಂದೇ ವಿಳಾಸವಿದ್ದರೂ ಜಗಳವಿಲ್ಲ. ಹೊರಗೆ ಹೋಗುವಾಗ ರೂಟರ್ ಈ ಒಳವಿಳಾಸಗಳನ್ನೆಲ್ಲ ತನ್ನ ಒಂದೇ ಹೊರವಿಳಾಸದ ಹಿಂದೆ ಅಡಗಿಸುತ್ತದೆ. ಬಂದ ಸಾಧನಕ್ಕೆಲ್ಲ ವಿಳಾಸ ಕೊಡುವ ಗುಮಾಸ್ತನ ಕೆಲಸ ರೂಟರಿನೊಳಗಿನ ಡಿಎಚ್‌ಸಿಪಿಯದು.

ಈಗ ಮಹಡಿಗೆಂದು ಇನ್ನೊಂದು ರೂಟರ್ ತಂದಿರಿ ಎನ್ನಿ. ಕೆಳಗಿನದರಿಂದ ಕೇಬಲ್ ಎಳೆದು ಹೊರಗಿನ ಸಂಪರ್ಕಕ್ಕೆಂದು ಇರುವ ಅದರ ವ್ಯಾನ್ ಪೋರ್ಟಿಗೆ ಸಿಕ್ಕಿಸಿದರೆ ಮಹಡಿ ಬೇರೆಯೇ ಜಾಲವಾಗುತ್ತದೆ. ಇಂಟರ್ನೆಟ್ ಬರುತ್ತದೆ, ಆದರೆ ಮಹಡಿಯ ಫೋನಿನಿಂದ ಕೆಳಗಿನ ಟಿವಿಗೆ ವಿಡಿಯೊ ಕಳಿಸಹೋದರೆ ಟಿವಿಯ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ. ಎರಡೂ ರೂಟರ್‌ಗೆ ಕಾರ್ಖಾನೆಯಿಂದಲೇ 192.168.1.1 ಎಂಬ ವಿಳಾಸ ಬಂದಿದ್ದರೆ ಆ ಇಂಟರ್ನೆಟ್ಟೂ ಬಾರದಿರಬಹುದು. ಲ್ಯಾನ್ ಪೋರ್ಟಿಗೆ ಸಿಕ್ಕಿಸಿದರೆ ಇನ್ನೂ ಕೆಟ್ಟದ್ದು: ಒಂದೇ ಜಾಲದಲ್ಲಿ ಇಬ್ಬರು ಗುಮಾಸ್ತರು. ಯಾರು ಮೊದಲು ಉತ್ತರಿಸುತ್ತಾರೋ ಅವರಿಂದ ವಿಳಾಸ. ಬೆಳಗ್ಗೆ ಸರಿಯಿದ್ದ ಲ್ಯಾಪ್‌ಟಾಪ್ ಮಧ್ಯಾಹ್ನ ಕೆಡುತ್ತದೆ, ಸಂಜೆ ತಾನೇ ಸರಿಹೋಗುತ್ತದೆ, ಯಾರಿಗೂ ಕಾರಣ ಹೊಳೆಯುವುದಿಲ್ಲ.

ಪರಿಹಾರ ಸುಲಭ. ಹೊಸ ರೂಟರಿನ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ. ಇಲ್ಲವಾದರೆ ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಮೊದಲ ರೂಟರ್ ಹಂಚುವ ಪಟ್ಟಿಯಿಂದ ಆ ವಿಳಾಸವನ್ನು ತೆಗೆದು, ಹೊಸದರ ಡಿಎಚ್‌ಸಿಪಿ ನಿಲ್ಲಿಸಿ, ಆಮೇಲೆ ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಹಾಕಿ. ವ್ಯಾನ್ ಪೋರ್ಟ್ ಖಾಲಿ ಇರಲಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಫೋನ್ ಮೆಟ್ಟಿಲು ಹತ್ತುವಾಗ ತಾನೇ ಬದಲಿಸಿಕೊಳ್ಳುತ್ತದೆ.

ಕಚೇರಿಯಲ್ಲಿ ಹಂಚಿಕೊಳ್ಳುವುದು

ಆರೇಳು ಕಂಪ್ಯೂಟರಿನ ಆಡಿಟರ್ ಕಚೇರಿ, ಡಿಟಿಪಿ ಕೇಂದ್ರ, ಅಡಿಕೆ ಮಂಡಿ ಇಂಥ ಕಡೆ ಒಂದು 16 ಪೋರ್ಟಿನ ಗಿಗಾಬಿಟ್ ಸ್ವಿಚ್ ನಡುವಿನಲ್ಲಿಟ್ಟು ಪ್ರತಿ ಮೇಜಿಗೂ ಕೇಬಲ್ ಕೊಟ್ಟರೆ ಗಟ್ಟಿ ಬುನಾದಿಯಾಯಿತು. ಪ್ರಿಂಟರಿಗೂ, ಲೆಕ್ಕದ ದತ್ತಾಂಶ ಇಟ್ಟ ಕಂಪ್ಯೂಟರಿಗೂ ವಿಳಾಸ ಬದಲಾಗಬಾರದು. ರೂಟರಿನಲ್ಲಿ ಅವುಗಳ ಹೆಸರಿಗೆ ವಿಳಾಸ ಕಾಯ್ದಿರಿಸುವ ಸೌಲಭ್ಯವಿದೆ. ಅದನ್ನು ಮಾಡದ ಕಚೇರಿಗಳಲ್ಲೇ ಕರೆಂಟು ಹೋಗಿಬಂದ ಮೇಲೆ ‘ಪ್ರಿಂಟರ್ ಆಫ್‌ಲೈನ್’ ಎಂಬ ಗೋಳು.

ಬೆಂಗಳೂರಿನದೇ ಆದ ಲೆಕ್ಕಪತ್ರ ತಂತ್ರಾಂಶ ಟ್ಯಾಲಿಯನ್ನು ಹಲವರು ಒಟ್ಟಿಗೆ ಬಳಸಬೇಕಾದರೆ ಒಬ್ಬರಿಗೆಂದು ಕೊಡುವ ಸಿಲ್ವರ್ ಲೈಸೆನ್ಸ್ ಸಾಲದು, ಗೋಲ್ಡ್ ಬೇಕು. ದತ್ತಾಂಶದ ಫೋಲ್ಡರ್ ಒಂದೇ ಕಂಪ್ಯೂಟರಿನಲ್ಲಿದ್ದು ಉಳಿದವರು ಲ್ಯಾನ್ ಮೂಲಕ ಅದನ್ನು ತೆರೆಯುತ್ತಾರೆ. ಈ ಕೆಲಸವನ್ನು ವೈಫೈ ಮೇಲೆ ನಡೆಸುವುದು ಅವಿವೇಕ. ಬರೆಯುವ ನಡುವೆ ಸಂಪರ್ಕ ತಪ್ಪಿದರೆ ಕಡತ ಕೆಡುವ ಸಂಭವವಿದೆ. ಸಾಮಾನ್ಯ ವಿಂಡೋಸ್ ಕಂಪ್ಯೂಟರ್ ಏಕಕಾಲಕ್ಕೆ 20 ಸಂಪರ್ಕಗಳಿಗಿಂತ ಹೆಚ್ಚನ್ನು ಒಪ್ಪದು. ಅಷ್ಟು ಬೆಳೆದ ಕಚೇರಿಗೆ ಸರ್ವರ್ ಅಥವಾ ಜಾಲಕ್ಕೇ ಜೋಡಿಸುವ ಸಂಗ್ರಹ ಸಾಧನವಾದ ನಾಸ್ ಬೇಕು.

ಪಕ್ಕದ ಕಂಪ್ಯೂಟರ್ ಕಾಣುತ್ತಿಲ್ಲ ಎಂಬುದಕ್ಕೆ ಹತ್ತರಲ್ಲಿ ಏಳು ಸಲ ಕಾರಣ ವಿಂಡೋಸ್‌ನ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿರುವುದು ಎಂದರೆ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಬಸ್ ನಿಲ್ದಾಣದ ವೈಫೈಗೆ ತಕ್ಕ ಆ ಸೆಟ್ಟಿಂಗನ್ನು ‘ಪ್ರೈವೇಟ್’ ಮಾಡಿದೊಡನೆ ಕಾಣಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಇಲ್ಲದೆ ಫೋಲ್ಡರ್ ತೆರೆದಿಡುವ ಹಳೆಯ ರೂಢಿಯನ್ನು ಹೊಸ ವಿಂಡೋಸ್‌ಗಳು ಒಪ್ಪುತ್ತಿಲ್ಲ. ಒಪ್ಪದಿರುವುದೇ ಒಳ್ಳೆಯದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಲೋಕದ ತುಂಬ ಹಬ್ಬಿದ್ದು ಫೈಲ್ ಹಂಚಿಕೆಯ ಹಳೆಯ ಎಸ್‌ಎಂಬಿ ಆವೃತ್ತಿಯೊಂದರ ಬಿರುಕಿನಿಂದ. ಹಂಚಿಕೆಯ ಫೋಲ್ಡರಿನ ಒಂದು ಪ್ರತಿ, ಕೆಲಸ ಮುಗಿದ ಮೇಲೆ ಬಿಚ್ಚಿಡುವ ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕು.

ಬೀಗ

ರೂಟರಿನ ಆಡಳಿತ ಪುಟಕ್ಕೆ ಹೋಗಲು ಬಳಕೆಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್ ಎಂದೇ ಬಿಟ್ಟ ಮನೆಗಳಿಗೆ ಲೆಕ್ಕವಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ಕಾರ್ಖಾನೆ ಪಾಸ್‌ವರ್ಡುಗಳ ಒಂದು ಚಿಕ್ಕ ಪಟ್ಟಿ ಹಿಡಿದುಕೊಂಡೇ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರುಗಳೊಳಗೆ ಹೊಕ್ಕಿತು. ಮೊದಲ ದಿನವೇ ಆ ಪಾಸ್‌ವರ್ಡ್ ಬದಲಿಸಿ. ವೈಫೈಗೆ ಡಬ್ಲ್ಯುಪಿಎ-2 ಅಥವಾ 3, ಉದ್ದನೆಯ ಪಾಸ್‌ವರ್ಡ್. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್‌ನ ಪಿನ್ ಪದ್ಧತಿಯ ದೌರ್ಬಲ್ಯ 2011ರಲ್ಲೇ ಬಯಲಾಗಿದೆ, ಅದನ್ನು ನಿಲ್ಲಿಸಿಡಿ. ಗೆಸ್ಟ್ ನೆಟ್‌ವರ್ಕ್ ತೆರೆದು ನೆಂಟರ ಫೋನು, ಗ್ರಾಹಕರ ಫೋನು, ಅಗ್ಗದ ಸ್ಮಾರ್ಟ್ ಬಲ್ಬುಗಳನ್ನೆಲ್ಲ ಅದರಲ್ಲೇ ಇರಿಸಿ.

ಕರೆಂಟು, ಸಿಡಿಲು, ತೋಟ

ಇನ್ವರ್ಟರ್ ಇದೆಯೆಂದು ನಂಬಿದವರಿಗೂ ಕರೆಂಟು ಹೋದ ಕ್ಷಣ ರೂಟರ್ ಒಮ್ಮೆ ಆರಿ ಮತ್ತೆ ಏಳುತ್ತದೆ, ಮೀಟಿಂಗ್ ಕಡಿದುಹೋಗುತ್ತದೆ. 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಮದ್ದು. ಓಎನ್‌ಟಿ, ರೂಟರ್, ಸ್ವಿಚ್ ಬೇರೆಬೇರೆ ಇದ್ದರೆ ಮೂರಕ್ಕೂ ಬ್ಯಾಕಪ್ ಬೇಕು; ಒಂದನ್ನು ಮರೆತರೂ ಉಳಿದೆರಡು ಎಚ್ಚರಿದ್ದು ಪ್ರಯೋಜನವಿಲ್ಲ.

ಮುಂಗಾರು ಪೂರ್ವದ ಗುಡುಗಿನ ಕಾಲದಲ್ಲಿ ಮಲೆನಾಡಿನವರಿಗೆ ಬೇರೆ ಭಯ. ಮನೆಯಿಂದ ಕೊಟ್ಟಿಗೆಗೋ ಪಂಪ್‌ಹೌಸಿಗೋ ತಾಮ್ರದ ಕೇಬಲ್ ಬಯಲಲ್ಲಿ ಎಳೆದಿದ್ದರೆ ಹತ್ತಿರ ಬಿದ್ದ ಸಿಡಿಲಿಗೆ ಎರಡೂ ತುದಿಯ ಸಾಧನಗಳು ಸುಟ್ಟುಹೋಗಬಹುದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ ಇಡುವುದೇ ಸರಿ. ಗಾಜಿನೆಳೆಯಲ್ಲಿ ಕರೆಂಟು ಹರಿಯದು, 100 ಮೀಟರಿನ ಮಿತಿಯೂ ಇಲ್ಲ. ಕೇಬಲ್ಲಿಗೆ ಆಸರೆಯಾಗಿ ಕೊಟ್ಟ ಉಕ್ಕಿನ ತಂತಿಯನ್ನು ಮಾತ್ರ ಹೊರಗೇ ಕತ್ತರಿಸಿ ನಿಲ್ಲಿಸಿ, ಡಬ್ಬಿಯವರೆಗೆ ತರಬೇಡಿ. ನಡುವೆ ಮರಗಳ ಅಡ್ಡಿಯಿಲ್ಲದಿದ್ದರೆ ಎರಡು ತುದಿಗೆ 5 ಗಿಗಾಹರ್ಟ್ಸ್‌ನ ಚಿಕ್ಕ ಡಿಶ್ ಆಂಟೆನಾ ಹಾಕಿಯೂ ಜೋಡಿಸಬಹುದು. 2018ರ ನಂತರ ನಮ್ಮಲ್ಲಿ ಆ ಬ್ಯಾಂಡನ್ನು ಹೊರಾಂಗಣದಲ್ಲಿ ಬಳಸಲು ಲೈಸೆನ್ಸ್ ಬೇಡ. ಅಡಿಕೆ ತೋಟದ ನಡುವೆ ಈ ಉಪಾಯ ನಡೆಯುವುದಿಲ್ಲ, ಒದ್ದೆ ಎಲೆ ಆ ಅಲೆಗಳನ್ನು ಹೀರಿಬಿಡುತ್ತದೆ.

ಕೈಕೊಟ್ಟಾಗ ಹುಡುಕುವ ಕ್ರಮ

ಎಲ್ಲವನ್ನೂ ಆರಿಸಿ ಹಚ್ಚುವ ಮೊದಲು ಹತ್ತಿರದಿಂದ ದೂರಕ್ಕೆ ಹೋಗಿ. ಪೋರ್ಟಿನ ಪಕ್ಕದ ದೀಪ ಉರಿಯುತ್ತಿದೆಯೇ? ಇಲ್ಲವಾದರೆ ಕೇಬಲ್ ಅಥವಾ ಕ್ಲಿಪ್. ಉರಿಯುತ್ತಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕೊಟ್ಟು ವಿಳಾಸ ನೋಡಿ. 169.254 ಎಂದು ಶುರುವಾದರೆ ವಿಳಾಸ ಕೊಡುವವರು ಯಾರೂ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ವಿಳಾಸ ಸರಿಯಿದ್ದರೆ ರೂಟರನ್ನು ಪಿಂಗ್ ಮಾಡಿ, ಉತ್ತರ ಬಂದರೆ ಹೊರಗಿನ ಇಂಟರ್ನೆಟ್‌ನಲ್ಲಿರುವ 8.8.8.8 ಎಂಬ ವಿಳಾಸವನ್ನು ಮಾಡಿ. ರೂಟರ್ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ಆಗ ಕಂಪನಿಗೆ ಫೋನ್ ಮಾಡಬಹುದು. ಎರಡೂ ಉತ್ತರಿಸಿ ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನ ತೊಂದರೆ, ಅದನ್ನು ರೂಟರಿನಲ್ಲೇ ಬದಲಿಸಬಹುದು.

ಇಡೀ ಕಚೇರಿ ಒಮ್ಮೆಲೇ ಸ್ತಬ್ಧವಾಗಿ, ಸ್ವಿಚ್ಚಿನ ದೀಪಗಳೆಲ್ಲ ಒಟ್ಟಾಗಿ ಹುಚ್ಚೆದ್ದು ಮಿನುಗುತ್ತಿದ್ದರೆ ಅದರ ಕಥೆ ಬೇರೆ. ಗುಡಿಸುವಾಗ ಕೆಳಗೆ ಬಿದ್ದಿದ್ದ ಕೇಬಲ್ ತುದಿಯನ್ನು ಯಾರೋ ಉಪಕಾರವೆಂದು ಖಾಲಿ ಪೋರ್ಟಿಗೆ ಸಿಕ್ಕಿಸಿರುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿರುತ್ತದೆ. ಎಲ್ಲರಿಗೂ ಎಂದು ಹೊರಟ ಸಂದೇಶ ಆ ವರ್ತುಲದಲ್ಲಿ ಸುತ್ತುತ್ತ, ಪ್ರತಿ ಸುತ್ತಿಗೂ ಮತ್ತೆ ಎಲ್ಲರಿಗೂ ಹಂಚಿಕೆಯಾಗುತ್ತ ಜಾಲವನ್ನೇ ಮುಳುಗಿಸುತ್ತದೆ. ಇದನ್ನು ತಾನೇ ಗುರುತಿಸಿ ವರ್ತುಲ ಕಡಿಯುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೇಡಿಯಾ ಪರ್ಲ್‌ಮನ್ 1985ರಲ್ಲೇ ರೂಪಿಸಿದರು. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಅದಿರುತ್ತದೆ, ಸಾವಿರ ರೂಪಾಯಿಯ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಒಂದೊಂದೇ ಕೇಬಲ್ ಕಿತ್ತು ನೋಡುತ್ತ ಹೋಗಬೇಕು, ದೀಪಗಳು ಶಾಂತವಾದ ಕ್ಷಣ ಕೈಯಲ್ಲಿರುವುದೇ ತಪ್ಪಿತಸ್ಥ ಕೇಬಲ್. ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿಟ್ಟಿದ್ದ ಕಚೇರಿಯಲ್ಲಿ ಈ ಹುಡುಕಾಟ ಎರಡು ನಿಮಿಷದ್ದು.